ರಾಮಾಂಜಿನಪ್ಪನವರ ಎಡೆ

ಲಿಂಗರಾಜಪುರ
೧೨ ಜುಲೈ ೨೦೨೫

ಯಮುನಾ,

ನಾನು ಕ್ಷೇಮ. ನಿನ್ನ ಕ್ಷೇಮ ಕೇಳುವುದಿಲ್ಲ, ಅದನ್ನು ವಿಚಾರಿಸಿಕೊಳ್ಳಲು ನಿನ್ನ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪು ಇದೆ. ನೀನು ನನ್ನ ನಂಬರು ಬ್ಲಾಕ್ ಮಾಡಿ ಎರಡು ವರ್ಷವಾಯಿತು. ಅಂಚೆಯವನನ್ನು ಬ್ಲಾಕ್ ಮಾಡುವ ವಿದ್ಯೆ ಇನ್ನೂ ಬಂದಿಲ್ಲವಾದ್ದರಿಂದ ಈ ಕಾಗದ. ಇದಕ್ಕೆ ಹೆಬ್ಬೆರಳಿನ ಚಿತ್ರ ಒತ್ತಿ ಕೈತೊಳೆದುಕೊಳ್ಳುವ ಹಾಗಿಲ್ಲ. ಉತ್ತರ ಕೊಡಬೇಕೆಂದರೆ ವಾಕ್ಯ ಬರೆಯಬೇಕಾಗುತ್ತದೆ, ಅಭ್ಯಾಸ ಇದೆಯೋ ಇಲ್ಲವೋ ನೋಡಿಕೋ.

ನಿನ್ನೆ ಹೂವು ತರಲು ಶಿವಾಜಿನಗರದ ರಸೆಲ್ ಮಾರುಕಟ್ಟೆಗೆ ಹೋಗಿದ್ದೆ. ಮಟನ್ ಅಂಗಡಿಗಳ ಸಾಲು ಶುರುವಾಗುವಲ್ಲಿ, ಫಹೀಮ್ ಎಂಬಾತನ ಅಂಗಡಿ ಮುಂದೆ ಒಂದು ಸ್ಟೂಲು, ಸ್ಟೂಲಿನ ಮೇಲೆ ನಿನ್ನ ಅತ್ತೆ. ಎಂಬತ್ತು ದಾಟಿದ ಮುನಿಗಂಗಮ್ಮನವರು ಬೈಯಪ್ಪನಹಳ್ಳಿಯಿಂದ ಒಬ್ಬರೇ ಆಟೋದಲ್ಲಿ ಬಂದಿದ್ದರು. ಏನೂ ಕೊಳ್ಳಲಿಲ್ಲ. ಫಹೀಮನ ತಂದೆಯ ಕಾಲದಿಂದ ಅವರು ಆ ಅಂಗಡಿಯ ಗಿರಾಕಿಯಂತೆ. "ಅಮ್ಮ ಈಗ ಏನೂ ತಗೊಳ್ಳಲ್ಲ ಮೇಡಂ. ಬರ್ತಾರೆ, ರೇಟ್ ಕೇಳ್ತಾರೆ, ಬೈತಾರೆ, ಹೋಗ್ತಾರೆ" ಎಂದ ಆತ.

ನನ್ನ ಗುರುತು ಹಿಡಿದರು. "ನಮ್ ಯಮುನನ ಆಫೀಸ್ನೋಳಲ್ವಾ ನೀನು? ಬರೀ ಪಲ್ಯ ತಿನ್ನೋಳು" ಎಂದರು. ಆಮೇಲೆ ಕೈ ಹಿಡಿದು ಪಕ್ಕಕ್ಕೆ ಎಳೆದು ಮೆಲ್ಲಗೆ ಕೇಳಿದರು: "ಈ ಸಲ ಪಕ್ಷಕ್ಕೆ ನಿಮ್ಮನೇಲಿ ಒಂದೆಲೆ ಎಡೆ ಇಕ್ಕಂಬೋದಾ ಕಣಮ್ಮ? ನಮ್ಮೆಜಮಾನ್ರಿಗೆ. ನಮ್ಮನೇಲಿ ಬಿಡಾಕಿಲ್ಲ."

ಯಾರ ಮನೆ, ಯಮುನಾ? ನಿಮ್ಮ ಐದು ಮಹಡಿ ನಿಂತಿರುವುದು ನಿನ್ನ ಮಾವ ರಾಮಾಂಜಿನಪ್ಪನವರು ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ. ಅವರು ತೀರಿಕೊಂಡ ಮೇಲೆ ಬಿಲ್ಡರಿಗೆ ಜಾಗ ಕೊಟ್ಟು ಮೇಲಿನ ಮಹಡಿಯನ್ನು ಪೂರ್ತಿ ಇಟ್ಟುಕೊಂಡವರು ನೀವು. ಪಿತೃಪಕ್ಷ ಮುಗಿಯುವ ಮಹಾಲಯ ಅಮಾವಾಸ್ಯೆಯ ದಿನ ಹೋದವರ ಫೋಟೋ ಮುಂದೆ ಅವರು ಆಸೆಪಟ್ಟು ತಿನ್ನುತ್ತಿದ್ದದ್ದನ್ನೇ ಬೇಯಿಸಿ ಬಡಿಸುವುದು, ಬಾಗಿಲು ಮುಚ್ಚಿಕೊಂಡು ಮನೆಯವರೆಲ್ಲ ಹೊರಗೆ ನಿಲ್ಲುವುದು, ಅವರು ಬಂದು ಉಂಡು ಹೋಗಲು ಹೊತ್ತು ಕೊಟ್ಟು, ಬಾಗಿಲು ತಟ್ಟಿ ಒಳಗೆ ಹೋಗುವುದು, ಇದನ್ನೆಲ್ಲ ನನಗೆ ಹೇಳಿದವಳು ನೀನೇ. ಹಲಸೂರಿನ ಆಫೀಸಿನಲ್ಲಿ, ಊಟದ ಮೇಜಿನಲ್ಲಿ. ಮಾವನಿಗೆ ಬೋಟಿ ಗೊಜ್ಜು, ಅಂದರೆ ಕುರಿಯ ಕರುಳಿನ ಸಾರು, ಮತ್ತು ಮುದ್ದೆ ಇಲ್ಲದಿದ್ದರೆ ಹಬ್ಬವೇ ಅಲ್ಲ ಎಂದೂ ಹೇಳಿದ್ದೆ. ನೀನು ಮಾಂಸದ ಡಬ್ಬಿ ತೆರೆದ ಕೂಡಲೇ ಉಳಿದವರೆಲ್ಲ ಮೇಜು ಬದಲಿಸುತ್ತಿದ್ದರು. ನಾನು ಲಿಂಗಾಯತರ ಮನೆಯವಳು, ಹುಟ್ಟಿದಂದಿನಿಂದ ಮೊಟ್ಟೆಯನ್ನೂ ಮುಟ್ಟಿದವಳಲ್ಲ, ಆದರೂ ನಾನು ಬದಲಿಸಲಿಲ್ಲ. ಇಷ್ಟಾದರೂ ನೆನಪಿರಬಹುದು.

ಹೋದ ವರ್ಷ ನಿನ್ನ ಮಾವನ ಎಲೆಗೆ ಬಡಿಸಿದ್ದು ಸೋಯಾ ಉಂಡೆ ಮತ್ತು ಅಣಬೆಯಂತೆ. ಬಾಗಿಲು ತೆಗೆದು ಎಲೆ ನೋಡಿದ ನಿನ್ನ ಅತ್ತೆ "ಬಂದಿಲ್ಲ" ಅಂದರಂತೆ. ಯಾಕೆ ಬರುತ್ತಾರೆ, ನಾನಾಗಿದ್ದರೂ ಬರುತ್ತಿರಲಿಲ್ಲ. ನಿನ್ನ ಮಗ ನಿತೀಶನ ಮದುವೆಯ ಬೀಗರೂಟದಲ್ಲಿ, ಊರಿಗೆ ಊರೇ ಮರಿ ಕಡಿಯುವ ದಿನ, ನೀನು ಪನೀರ್ ಬಡಿಸಿದ್ದಕ್ಕೆ ನಾನು ಎಲ್ಲರೆದುರು ನಕ್ಕೆ, ನೀನು ಮಾತು ಬಿಟ್ಟೆ. ಆವತ್ತು ನಗಬಾರದಿತ್ತು ಎಂದು ನನಗೆ ಈಗಲೂ ಅನ್ನಿಸುವುದಿಲ್ಲ.

ನಿನ್ನ ಅತ್ತೆಗೆ ಇನ್ನೂ ಏನೂ ಹೇಳಿಲ್ಲ. ಮೊದಲು ನಿನ್ನಿಂದ ತಿಳಿಯಬೇಕು. ಆ ಮುದುಕಿ ತನ್ನ ಗಂಡನಿಗೆ ತನ್ನ ಮನೆಯಲ್ಲಿ ಎಡೆ ಇಡಲು ಬಿಡದವರು ಯಾರು?

ಜಯದೇವಿ


ಬೈಯಪ್ಪನಹಳ್ಳಿ
೨೧ ಜುಲೈ ೨೦೨೫

ಜಯಕ್ಕನವರಿಗೆ ಯಮುನಾ ಮಾಡುವ ನಮಸ್ಕಾರ.

ನಿಮ್ಮ ಕಾಗದವನ್ನು ಸೆಕ್ಯುರಿಟಿಯವನು ಲಿಫ್ಟಿನ ಹತ್ತಿರ ಎಲ್ಲರೆದುರು ಕೊಟ್ಟ. ಕೋರ್ಟ್ ನೋಟೀಸಾ ಆಂಟಿ ಎಂದು ಇಬ್ಬರು ಕೇಳಿದರು. ನಿಮಗೆ ಬೇಕಾಗಿದ್ದದ್ದೂ ಅದೇ ಇರಬೇಕು.

ಬಿಡದವರು ಯಾರು ಎಂದಿರಿ. ಯಾರೂ ಇಲ್ಲ. ಯಾವ ನಿಯಮವೂ ಇಲ್ಲ, ಮೀಟಿಂಗೂ ಆಗಿಲ್ಲ. ನಮ್ಮ ಬಿಲ್ಡಿಂಗಿನಲ್ಲಿ ಯಾರೂ ಮಾಡುವುದಿಲ್ಲ, ಅಷ್ಟೆ. ಒಂಟಿ ಮನೆಯಲ್ಲಿರುವ ನಿಮಗೆ ಇದು ಅರ್ಥವಾಗುವುದಿಲ್ಲ. ನಾವು ಬಂದ ಮೊದಲ ಶ್ರಾವಣದಲ್ಲಿ ಎರಡನೇ ಮಹಡಿಯ ಪ್ರತಿಭಾ, ನಿಮ್ಮ ಲಿಂಗಾಯತರೇ, ತಮ್ಮ ಸೋಮವಾರದ ಊಟದ ಫೋಟೋ ಗ್ರೂಪಿಗೆ ಹಾಕಿದರು. ಅಸೋಸಿಯೇಷನ್ ಅಧ್ಯಕ್ಷ ಈರೇಶ, ಕೊಪ್ಪಳದ ಹುಡುಗ, ಬಾಡಿಗೆಗೆ ಇರುವವನು, ಅವನೂ ಹಾಕಿದ. ಆಮೇಲೆ ಮನೆಮನೆಯದೂ ಬಂತು. ನಾನು ಹಾಕದೆ ಇರುವುದು ಹೇಗೆ? ಮೊದಲೇ ನಮ್ಮನ್ನು ಒಂದು ಥರ ನೋಡುತ್ತಾರೆ. ಜಾಗದವರು, ಕೂತು ತಿನ್ನುವವರು, ಇಂಗ್ಲಿಷ್ ಬರದವರು. ಶ್ರಾವಣ ಮುಗಿಯಿತು, ಆದರೆ ಯಾರ ಮನೆಯಿಂದಲೂ ಬಾಡಿನ ವಾಸನೆ ಬರಲಿಲ್ಲ. ನಾವೊಬ್ಬರೇ ಮಾಡಿಕೊಂಡು ಕಾರಿಡಾರಿನಲ್ಲಿ ತಲೆತಗ್ಗಿಸಿ ಓಡಾಡಬೇಕಿತ್ತಾ? ನಾಲ್ಕು ವರ್ಷದಿಂದ ಬಿಟ್ಟಿದ್ದೇವೆ. ನಮ್ಮ ಮನೆಯವರು ಹೊರಗೆ ತಿಂದು ಬಾಯಿಗೆ ಏಲಕ್ಕಿ ಹಾಕಿಕೊಂಡು ಲಿಫ್ಟ್ ಹತ್ತುತ್ತಾರೆ. ಯಾರಿಗೂ ತೊಂದರೆಯಿಲ್ಲ.

ಅತ್ತೆಗೆ ಮಾತ್ರ ಇದು ತಲೆಗೆ ಹೋಗುವುದಿಲ್ಲ. ಅವರ ಕಾಲಕ್ಕೆ ಊರೆಲ್ಲ ಮಾಡುತ್ತಿತ್ತು, ಅದಕ್ಕೇ ಅವರೂ ಮಾಡಿದರು. ಈಗ ಊರು ಬೇರೆ.

ಇನ್ನು ಆ ಊಟದ ಮೇಜಿನ ಕಥೆ. ಅದನ್ನು ನೀವು ಎಷ್ಟು ಜನಕ್ಕೆ ಹೇಳಿದ್ದೀರೋ. ನೀವು ಮೇಜು ಬದಲಿಸಲಿಲ್ಲ, ನಿಜ. ಆದರೆ ನಿಮ್ಮ ಡಬ್ಬಿಯ ಮುಚ್ಚಳವನ್ನು ನನ್ನ ಡಬ್ಬಿಗೂ ನಿಮ್ಮ ಡಬ್ಬಿಗೂ ನಡುವೆ ಗೋಡೆಯ ಹಾಗೆ ನಿಲ್ಲಿಸಿಕೊಂಡು ತಿನ್ನುತ್ತಿದ್ದಿರಿ. ನಾನು ನೋಡುತ್ತಿರಲಿಲ್ಲ ಅಂದುಕೊಂಡಿದ್ದಿರಾ?

ಅತ್ತೆ ನಿಮ್ಮನ್ನು ಕೇಳಿದ್ದಾರಲ್ಲ, ನೀವೇ ಉತ್ತರ ಕೊಡಿ. ನಿಮ್ಮ ಅಡುಗೆಮನೆಯಲ್ಲಿ ಬೋಟಿ ಬೇಯಲು ಬಿಡುತ್ತೀರಾ? ಬಿಟ್ಟ ಮೇಲೆ ನನ್ನ ಮನೆಯ ವಿಷಯಕ್ಕೆ ಬನ್ನಿ.

ಯಮುನಾ


ಲಿಂಗರಾಜಪುರ
೨ ಆಗಸ್ಟ್ ೨೦೨೫

ಯಮುನಾ,

ಬಿಡುತ್ತೇನೆ.

ಇದನ್ನು ಬರೆಯಲು ನನಗೆ ಯಾರ ಮುಖವನ್ನೂ ನೋಡಬೇಕಾಗಲಿಲ್ಲ. ನಿನ್ನ ಕಾಗದವನ್ನು ಎರಡು ಸಲ ಓದಿದೆ. ನಿಯಮವಿಲ್ಲ, ಮೀಟಿಂಗಿಲ್ಲ, ಬೇಡವೆಂದವರಿಲ್ಲ, ಆದರೂ ಐದು ಮಹಡಿ ಬಾಯಿಮುಚ್ಚಿಕೊಂಡು ಸೊಪ್ಪು ಬೇಯಿಸುತ್ತಿದೆ. ಯಾರಾದರೂ ಗದರಿಸಿ ಹೆದರಿದ್ದರೆ ಅಯ್ಯೋ ಪಾಪ ಅನ್ನಬಹುದಿತ್ತು. ಗದರಿಸುವವನೇ ಇಲ್ಲದೆ ಹೆದರಿಕೊಂಡಿರುವವರಿಗೆ ಏನೆನ್ನಬೇಕೋ ನನಗೆ ತಿಳಿಯದು. ನಿನ್ನ ಗಂಡ ಮುನಿರಾಜು, ಅರವತ್ತು ದಾಟಿದ ಗಂಡಸು, ಸ್ವಂತ ಮನೆಗೆ ಏಲಕ್ಕಿ ಜಗಿದುಕೊಂಡು ಕಳ್ಳನ ಹಾಗೆ ಬರುತ್ತಾನೆಂದು ಓದಿ ಒಬ್ಬಳೇ ನಕ್ಕೆ. ಅಲ್ಲಿನ ಬಾಡಿಗೆಯವರು ಇವತ್ತು ಇದ್ದು ನಾಳೆ ಹೋಗುವವರು. ಅವರ ತಟ್ಟೆ ನೋಡಿಕೊಂಡು ನೀನು ನಿನ್ನ ಮಾವನ ಎಲೆಗೆ ಅಣಬೆ ಬಡಿಸಿದೆ.

ಮುಚ್ಚಳದ ವಿಷಯ ನನಗೆ ನೆನಪಿಲ್ಲ. ಇದ್ದಿರಬಹುದು. ಮೇಜಿನಲ್ಲಿ ಕೂತಿದ್ದೆನಲ್ಲ, ಅದು ಮುಖ್ಯ.

ನಿನ್ನ ಅತ್ತೆಗೆ ಹೇಳಿಬಿಡು. ಸೆಪ್ಟೆಂಬರ್ ಇಪ್ಪತ್ತೊಂದು, ಅಮಾವಾಸ್ಯೆ, ಭಾನುವಾರ. ನನ್ನ ಅಡುಗೆಮನೆ, ನನ್ನ ಒಲೆ. ಇಂಥವರು ಏನಂದುಕೊಳ್ಳುತ್ತಾರೋ ಎಂದು ಬದುಕಿದವಳಲ್ಲ ನಾನು.

ಜಯದೇವಿ


ಬೈಯಪ್ಪನಹಳ್ಳಿ
೧೪ ಆಗಸ್ಟ್ ೨೦೨೫

ಜಯಕ್ಕ,

ಅತ್ತೆಗೆ ಹೇಳಿದೆ. ನಾಲ್ಕು ವರ್ಷದಲ್ಲಿ ಮೊದಲ ಸಲ ನಾನು ಹೇಳಿದ್ದಕ್ಕೆ ನಕ್ಕರು. ಮಾವನ ಫೋಟೋ ಕೆಳಗಿಳಿಸಿ, ಒರೆಸಿ, ಹಳೆಯ ಸೀರೆಯಲ್ಲಿ ಸುತ್ತಿ ಬಾಗಿಲ ಹತ್ತಿರ ಇಟ್ಟುಕೊಂಡಿದ್ದಾರೆ. ಇನ್ನೂ ತಿಂಗಳಿಗೂ ಮೇಲಿದೆ ಎಂದರೆ ಕೇಳುವುದಿಲ್ಲ. ಮಾವನಿಗೆ ಹೊಸ ಪಂಚೆ ತರಿಸಿದರು.

ನನಗೆ ಇದರಿಂದ ಸಂತೋಷವಾಯಿತೆಂದು ತಿಳಿಯಬೇಡಿ. ಸ್ವಂತ ಸೊಸೆ ಮಾಡದ್ದನ್ನು ಯಾರೋ ಮಾಡುತ್ತಾರೆ ಎಂದು ಅವರು ಫೋನಿನಲ್ಲಿ ನೆಂಟರಿಗೆಲ್ಲ ಹೇಳುತ್ತಿದ್ದಾರೆ. ಆದರೆ ಎಡೆ ನಿಮ್ಮ ಮನೆಯಲ್ಲಿ ಆದರೆ ನಮ್ಮ ಕಾರಿಡಾರಿನಲ್ಲಿ ಆಗುವುದಿಲ್ಲ, ನನಗೆ ಅಷ್ಟು ಸಾಕು.

ಇವತ್ತಿನವರೆಗೆ ಈ ಶ್ರಾವಣದ ಎಲ್ಲ ಸೋಮವಾರವೂ ಫೋಟೋ ಹಾಕಿದ್ದೇನೆ. ನಿಮಗೆ ನಗಲು ಇನ್ನೊಂದು ಇರಲಿ ಎಂದು ಬರೆದೆ.

ಯಮುನಾ


ಲಿಂಗರಾಜಪುರ
೧೩ ಸೆಪ್ಟೆಂಬರ್ ೨೦೨೫

ಯಮುನಾ,

ಬರೆಯುವುದು ತಡವಾಯಿತು. ಮೊಣಕಾಲು ನೋವು, ಜೊತೆಗೆ ಮನೆಗೆ ಬಣ್ಣ ಹೊಡೆಸುವ ಗಲಾಟೆ.

ವಿಷಯ ಇಷ್ಟೆ. ನಮ್ಮ ಅಕ್ಕನ ಬಳಗದ ತಿಂಗಳ ವಚನಗೋಷ್ಠಿ ಈ ಸಲ ನನ್ನ ಮನೆಯಲ್ಲಿ. ಅದೂ ಅದೇ ಭಾನುವಾರ ಬಂದಿದೆ. ಬೇರೆಯವರ ಮನೆಗೆ ಹಾಕಿ ಎಂದೆ. ಯಾಕೆ, ಏನು ಅಂತ ಹತ್ತು ಪ್ರಶ್ನೆ ಬಂತು, ಏನೆಂದು ಹೇಳಲಿ? ಮಂಜುಳಮ್ಮ ಎಂಬ ಮಹಾತಾಯಿ ಇದ್ದಾರೆ, ಬಂದವರು ಸೀದಾ ಅಡುಗೆಮನೆಗೇ ನುಗ್ಗಿ ಡಬ್ಬಗಳ ಮುಚ್ಚಳ ತೆಗೆದು ನೋಡುತ್ತಾರೆ. ಮೂವತ್ತು ಹೆಂಗಸರು, ಒಂದೇ ಅಂಚಿನ ಸೀರೆ, ಒಂದೇ ರಾಗ. ಎಲ್ಲರೂ ಸಮಾನರು ಎಂದು ಹಾಡಿ, ಹೊರಡುವಾಗ ಯಾರ ಮನೆಯ ಉಪ್ಪಿಟ್ಟು ಒಣಗಿತ್ತು ಎಂದು ಮಾತಾಡಿಕೊಳ್ಳುತ್ತಾರೆ. ಅವರ ಬಗ್ಗೆ ನನಗೆ ಎಷ್ಟು ಗೌರವವಿದೆ ಎಂದು ನಿನಗೆ ಗೊತ್ತು. ಆದರೂ ಕಷ್ಟಸುಖಕ್ಕೆ ಆಗುವವರು ಅವರೇ. ಹೋದ ವರ್ಷ ನಾನು ಆಸ್ಪತ್ರೆಯಲ್ಲಿದ್ದಾಗ ಸರದಿಯ ಮೇಲೆ ಗಂಜಿ ತಂದವರೂ ಅವರೇ.

ನಾನು ಆಗುವುದಿಲ್ಲ ಎನ್ನಲಿಲ್ಲ. ಇದನ್ನು ನೀನು ಸರಿಯಾಗಿ ತಿಳಿದುಕೊಳ್ಳಬೇಕು. ಮೊನ್ನೆ ನಿನ್ನ ಅತ್ತೆ ಜಾಗ ನೋಡಲು ಬಂದಾಗ ಮೇಲೆ ಕರೆದುಕೊಂಡು ಹೋಗಿ ಟೆರೇಸು ತೋರಿಸಿದೆ. ಅಲ್ಲಿ ನೀರಿನ ಟ್ಯಾಂಕಿನ ಪಕ್ಕ ನೆರಳಿದೆ. ಒಂದು ಸಣ್ಣ ಗ್ಯಾಸ್ ಒಲೆ ತಂದಿಟ್ಟಿದ್ದೇನೆ, ಪಾತ್ರೆ ನೀವೇ ತಂದುಕೊಳ್ಳಿ ಎಂದೆ. ಭಾನುವಾರದ ಬದಲು ಶನಿವಾರವೇ ಮುಗಿಸಿಕೊಂಡರೆ ಒಳ್ಳೆಯದು ಎಂದೂ ಹೇಳಿದೆ. ಒಂದು ದಿನ ಮುಂಚೆ ಬಡಿಸಿದರೆ ಹೋದವರು ಬೇಡ ಅನ್ನುತ್ತಾರಾ?

ಅವರು ಒಲೆ ನೋಡಿದರು. ಟ್ಯಾಂಕು ನೋಡಿದರು. ಕೆಳಗಿಳಿದು ಬಂದು ನನ್ನ ಅಡುಗೆಮನೆಯ ಹೊಸಿಲ ಹೊರಗೇ ನಿಂತು ಒಳಗೆಲ್ಲ ಕಣ್ಣಾಡಿಸಿದರು. "ನಿಂಗೂ ಒಂದು ಗುಂಪೈತೆ ಬಿಡಮ್ಮ" ಎಂದರು. ಕಾಫಿ ಇಟ್ಟಿದ್ದೆ. ಕುಡಿಯದೆ ಹೊರಟರು. ಆಟೋ ಹಿಡಿದುಕೊಡುತ್ತೇನೆ ಎಂದರೂ ಕೇಳದೆ ಜೊತೆಗೆ ತಂದಿದ್ದ ನಿನ್ನ ಮಾವನ ಫೋಟೋ ಕಂಕುಳಲ್ಲಿ ಹಿಡಿದುಕೊಂಡು ಮೇನ್ ರೋಡಿನ ತನಕ ನಡೆದುಕೊಂಡೇ ಹೋದರು.

ಟೆರೇಸು ಈಗಲೂ ಇದೆ. ಅವರಿಗೆ ಹೇಳಿ ನೋಡು.

ಜಯದೇವಿ


ಬೈಯಪ್ಪನಹಳ್ಳಿ
೨೪ ಸೆಪ್ಟೆಂಬರ್ ೨೦೨೫

ಜಯಕ್ಕ,

ನಿಮ್ಮ ಕಾಗದ ಬಂದ ದಿನ ನನಗೆ ಎಷ್ಟು ಖುಷಿಯಾಯಿತೆಂದು ಮುಚ್ಚಿಡುವುದಿಲ್ಲ. ಅದನ್ನು ನಮ್ಮ ಮನೆಯವರಿಗೂ ಓದಿ ಹೇಳಿದೆ. ಮುಚ್ಚಳ ದೊಡ್ಡದಾಗಿ ಟೆರೇಸಾಗಿದೆ, ಅಷ್ಟೇ ವ್ಯತ್ಯಾಸ ಎಂದೆ. ಆ ಖುಷಿ ಭಾನುವಾರದವರೆಗೆ ಇತ್ತು.

ಭಾನುವಾರ ಬೆಳಿಗ್ಗೆ ಅತ್ತೆ ಯಾರಿಗೂ ಹೇಳದೆ ಶಿವಾಜಿನಗರಕ್ಕೆ ಹೋಗಿ ಬಂದರು. ಕೈಯಲ್ಲಿ ತೆಳು ಪ್ಲಾಸ್ಟಿಕ್ ಕವರು, ಒಳಗೇನಿದೆ ಎಂದು ಹೊರಗೇ ಕಾಣುತ್ತಿತ್ತು. ಅದನ್ನು ಹಿಡಿದುಕೊಂಡು ಪ್ರತಿಭಾ ಜೊತೆಯಲ್ಲೇ ಲಿಫ್ಟಿನಲ್ಲಿ ಬಂದಿದ್ದರು. ಸೀದಾ ಅಡುಗೆಮನೆಗೆ ಹೋಗಿ ಬಿಸಿನೀರಿಟ್ಟು ಬೋಟಿ ತೊಳೆಯಲು ಕೂತರು. ಬೋಟಿ ತೊಳೆಯುವಾಗಿನ ವಾಸನೆ ನಿಮಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ.

"ಅತ್ತೆ, ನಮ್ ಟೆರೇಸಲ್ಲಾದ್ರೂ ಮಾಡ್ಕೊಳಿ" ಎಂದೆ.

"ಆ ಜಯಮ್ಮನೂ ಟೆರೇಸೇ ತೋರ್ಸಿದ್ಲು. ನಮ್ಮೆಜಮಾನ್ರೇನ್ ಕಾಗೆನಾ?" ಎಂದರು.

ನಮ್ಮ ಮನೆಯವರು ಸ್ನಾನಕ್ಕೆ ಹೋದವರು ಎಡೆ ಇಡುವ ತನಕ ಹೊರಗೆ ಬರಲೇ ಇಲ್ಲ. ನಿತೀಶ ಮೂಗು ಮುಚ್ಚಿಕೊಂಡು ಫೋನ್ ನೋಡುತ್ತಾ ಕೂತ, ಅವನ ಹೆಂಡತಿ ತವರಿಗೆ ಹೋಗಿದ್ದಳು. ನಾನು ಕಿಟಕಿಗಳನ್ನೆಲ್ಲ ಹಾಕಿದೆ, ಚಿಮಣಿ ಜೋರು ಮಾಡಿದೆ, ಒಂದು ಕಟ್ಟು ಊದುಬತ್ತಿ ಹಚ್ಚಿದೆ. ಅತ್ತೆ ಹಿಂದೆಯೇ ಬಂದು ಒಂದೊಂದೇ ಕಿಟಕಿ ತೆಗೆದರು. ಗೊಜ್ಜು ಕುದಿಯಲು ಶುರುವಾದ ಮೇಲೆ ನಾನು ಕೈಬಿಟ್ಟೆ. ಆ ಮಸಾಲೆ ನಾನೂ ಈ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲಿ ಅವರಿಂದಲೇ ಕಲಿತದ್ದು. ಬಾಯಲ್ಲಿ ನೀರು ಬಂತು, ಅದಕ್ಕೂ ನಾಚಿಕೆಯಾಯಿತು.

ಫೋಟೋ ಮುಂದೆ ಎಲೆ ಹಾಕಿ ಮುದ್ದೆ, ಗೊಜ್ಜು, ಒಂದು ಕ್ವಾರ್ಟರ್ ಬ್ರಾಂದಿ, ಬೀಡಿ ಕಟ್ಟು, ಹೊಸ ಪಂಚೆ ಇಟ್ಟರು. ದೀಪ ಹಚ್ಚಿ ಕೈಮುಗಿದು, ನಮ್ಮನ್ನೆಲ್ಲ ಹೊರಗೆ ಕಳಿಸಿ, ತಾವೂ ಹೊರಬಂದು ಬಾಗಿಲು ಎಳೆದುಕೊಂಡರು. ನಾವು ನಾಲ್ಕು ಜನ ನಮ್ಮ ಮನೆಯ ಮುಚ್ಚಿದ ಬಾಗಿಲ ಮುಂದೆ ಕಾರಿಡಾರಿನಲ್ಲಿ ನಿಂತೆವು. ಅತ್ತೆಗೆ ಒಂದು ಕುರ್ಚಿ ಹಾಕಿದ್ದೆ.

ಆಗ ಲಿಫ್ಟಿನ ಬಾಗಿಲು ತೆರೆಯಿತು. ಈರೇಶ, ಅವನ ಹಿಂದೆ ಇನ್ನೂ ಮೂರು ನಾಲ್ಕು ಜನ. ಈರೇಶ ಮೂಗೆಳೆದುಕೊಂಡ. "ಆಂಟಿ, ಬೋಟಿ ವಾಸನೆ ಬರ್ತಾ ಇದೆ. ನಿಮ್ಮನೇದಾ?" ಎಂದ.

ನಾನು ಹೇಳಿದ್ದನ್ನು ಹಾಗೆ ಹಾಗೆಯೇ ಬರೆಯುತ್ತೇನೆ. "ಇಲ್ಲಪ್ಪ, ನಮ್ಮನೇದಲ್ಲ. ನಾವು ಅದನ್ನೆಲ್ಲ ಮುಟ್ಟೋದೇ ಇಲ್ವಲ್ಲ. ಹಿಂದಿನ್ ಬೀದಿಯಿಂದ ಬರ್ತಿರ್ಬೇಕು" ಎಂದೆ. ಅತ್ತೆ ಪಕ್ಕದಲ್ಲೇ ಕೂತಿದ್ದರು. ನಮ್ಮ ಮನೆಯವರು ಹೌದೆಂದು ತಲೆಯಾಡಿಸಿದರು.

ಈರೇಶನ ಮುಖ ಸಪ್ಪಗಾಯಿತು. "ಛೇ, ನಿಮ್ಮನೇದೇ ಅಂತ ಓಡಿ ಬಂದ್ವಿ ಆಂಟಿ. ನಾವ್ ಬಿಟ್ಟಿದ್ದೇ ನೀವ್ ಬಿಟ್ರಿ ಅಂತ. ಜಾಗದೋರೇ ಶ್ರಾವಣದ ಫೋಟೋ ಹಾಕ್ತಾರೆ, ಆಮೇಲೂ ಮಾಡಲ್ಲ ಅಂದ್ಮೇಲೆ ಬಾಡಿಗೆಗಿರೋರು ನಾವ್ ಹೆಂಗ್ ಮಾಡೋದು?" ಎಂದ. ಹಿಂದಿದ್ದವನೊಬ್ಬ, ತಾನು ಮೊಟ್ಟೆಯ ಸಿಪ್ಪೆಯನ್ನು ಲ್ಯಾಪ್‌ಟಾಪ್ ಬ್ಯಾಗಿನಲ್ಲಿಟ್ಟುಕೊಂಡು ಹೋಗಿ ಆಫೀಸಿನ ಕಸದಬುಟ್ಟಿಗೆ ಹಾಕುತ್ತೇನೆ ಎಂದ. ಉಳಿದವರು ನಗಲಿಲ್ಲ, ಅವರೂ ಅದನ್ನೇ ಮಾಡುತ್ತಿದ್ದರೆಂದು ಕಾಣುತ್ತದೆ. ನಾಲ್ಕು ವರ್ಷ ನಾವು ಅವರನ್ನು ನೋಡಿ ಬಿಟ್ಟೆವು, ಅವರು ನಮ್ಮನ್ನು ನೋಡಿ ಬಿಟ್ಟರು.

ಈಗಲಾದರೂ ನಮ್ಮನೆಯದೇ ಎಂದು ಹೇಳಬಹುದಿತ್ತು. ಆದರೆ ಆಗಲೇ ಅಲ್ಲ ಎಂದಾಗಿತ್ತು.

ಅತ್ತೆ ಕುರ್ಚಿಯಿಂದ ಎದ್ದು, ದೇವರ ಮುಂದೆ ಹೋಗುವವರ ಹಾಗೆ ಸೆರಗು ಸರಿಮಾಡಿಕೊಂಡು, ಬಾಗಿಲು ತಟ್ಟಿದರು. ತೆಗೆದು ಒಳಗೆ ಹೋದರು. ವಾಸನೆ ಕಾರಿಡಾರಿಗೆಲ್ಲ ತುಂಬಿಕೊಂಡಿತು. ಎಲೆಯ ಮುಂದೆ ಬಗ್ಗಿ ಬಹಳ ಹೊತ್ತು ನೋಡಿದರು. ಈ ಸಲವೂ ಬಂದಿಲ್ಲ ಎನ್ನುತ್ತಾರೆ ಎಂದುಕೊಂಡೆ.

"ಬಂದಿದ್ರು" ಎಂದರು. "ಎಲೆ ಮುಂದೆ ಕುಂತಿದ್ರು. ಬಾಗ್ಲಾಚೆ ನೀನಂದಿದ್ ಕೇಳಿಸ್ಕಂಡು ಎದ್ದೋದ್ರು."

ಈರೇಶನ ಕಡೆ ತಿರುಗಿ, "ಬನ್ರಪ್ಪಾ, ಕೈ ತೊಳ್ಕೊಳಿ" ಎಂದು ಎಲ್ಲರನ್ನೂ ಕೂರಿಸಿ ಬಡಿಸಿದರು. ನಮ್ಮ ಮನೆಯವರೂ ಕೂತರು. ಎರಡು ಮುದ್ದೆ ತಿಂದರು. ನನಗೆ ಬಾ ಅನ್ನಲಿಲ್ಲ, ನಾನಾಗಿಯೂ ಕೂರಲಿಲ್ಲ.

ಮುಂದಿನದನ್ನು ಓದಿ ನೀವು ನಗಬಹುದು, ನಗುವುದು ನಿಮಗೆ ಚೆನ್ನಾಗಿ ಬರುತ್ತದೆ. ಅದೇ ಸಂಜೆ ಗ್ರೂಪಿನಲ್ಲಿ, ತಿಂಗಳಿಗೊಂದು ಭಾನುವಾರ ಬಿಲ್ಡಿಂಗಿನ ಬಾಡೂಟ ಇಡೋಣ, ಒಪ್ಪಿಗೆಯಾ ಎಂದು ಈರೇಶ ಕೇಳಿದ. ಎಲ್ಲ ಮನೆಯವರೂ ಹೆಬ್ಬೆರಳು ಒತ್ತಿದರು. ಮೊದಲು ಒತ್ತಿದವಳು ನಾನು. ಇವತ್ತು ಬೆಳಿಗ್ಗೆ ಲಿಫ್ಟಿನಲ್ಲಿ ಪ್ರತಿಭಾ ನನ್ನ ಹತ್ತಿರ ಬಂದು, "ಆಂಟಿ, ನಾವು ತಿನ್ನೋರಲ್ಲ. ಫೋಟೋಕ್ಕೆ ತಟ್ಟೆ ಹಿಡ್ಕೊಂಡು ನಿಂತ್ರೆ ಸಾಕಲ್ರಿ?" ಎಂದು ಕೇಳಿದಳು. ಹೂಂ ಸಾಕು ಎಂದೆ. ನನ್ನ ಬಾಯಿಂದ ಇನ್ನೇನು ಬರುತ್ತದೆ.

ಅತ್ತೆ ಭಾನುವಾರದಿಂದ ನನ್ನ ಜೊತೆ ಒಂದೇ ಒಂದು ಮಾತಾಡಿದ್ದಾರೆ. ಮಾವನ ಫೋಟೋವನ್ನು ಮೊಳೆಗೆ ತೂಗುಹಾಕುತ್ತಾ, ನನ್ನ ಕಡೆ ತಿರುಗದೆ ಹೇಳಿದರು: "ಇವ್ರಿಗೇನಿಷ್ಟ ಅಂತ ನಂಗ್ ಗೊತ್ತಿತ್ತು, ಇಕ್ದೆ. ನಾನ್ ಸತ್ಮೇಲೆ ನಂಗೇನ್ ಇಕ್ಬೇಕು ಅಂತ ನಿನ್ ಗ್ರೂಪಲ್ಲಿ ಕೇಳ್ಕಂಡು ಇಕ್ಕು."

ಅಂದಿನಿಂದ ಯೋಚಿಸುತ್ತಿದ್ದೇನೆ ಜಯಕ್ಕ. ಮಾವನಿಗೆ ಬೋಟಿ, ನಮ್ಮ ಮನೆಯವರಿಗೆ ಕಾಲು ಸೂಪು, ನಿತೀಶನಿಗೆ ಕೈಮ. ಅತ್ತೆ ಯಾವಾಗಲೂ ಎಲ್ಲರದೂ ಆದ ಮೇಲೆ ಪಾತ್ರೆಯಲ್ಲಿ ಉಳಿದದ್ದಕ್ಕೆ ಮುದ್ದೆ ಹಾಕಿಕೊಂಡು ತಿಂದವರು. ಒಂದೇ ಅಡುಗೆಮನೆಯಲ್ಲಿ ಇಷ್ಟು ವರ್ಷ ಇದ್ದೂ ಅವರಿಗೇನು ಇಷ್ಟ ಎಂದು ನನಗೆ ಗೊತ್ತಿಲ್ಲ. ಅವರನ್ನು ಕೇಳಲು ಮುಖವಿಲ್ಲ, ಗ್ರೂಪಿನಲ್ಲಿ ಕೇಳಲಾರೆ.

ಅವತ್ತು ಫಹೀಮನ ಅಂಗಡಿಯ ಮುಂದೆ ಕೂತು ಅವರು ಯಾವುದರ ರೇಟು ಕೇಳುತ್ತಿದ್ದರು? ನೆನಪಿದ್ದರೆ ಬರೆಯಿರಿ.

ಯಮುನಾ